ಈರುಳ್ಳಿಯ ಧಾರಣೆ ಏಕೆ ಏರಿಳಿಯುತ್ತದೆ?

2022ರ ನವೆಂಬರ್ ತಿಂಗಳಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಬೆಳೆದ 205 ಕಿಲೋ ಈರುಳ್ಳಿಯನ್ನು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ತಂದು ಮಾರಿದರು. ಅಂದು ಆ ಮಾಲಿಗೆ ಬಂದ ಧಾರಣೆ ಕ್ವಿಂಟಲಿಗೆ 200 ರೂಪಾಯಿ. ಒಟ್ಟು ಮೊಬಲಗು 410 ರೂಪಾಯಿ. ಅದರಲ್ಲಿ ಸಾಗಣೆಗೆ 377 ರೂಪಾಯಿ 64 ಪೈಸೆ, ಹಮಾಲಿಗೆ 24 ರೂಪಾಯಿ ಕಳೆದು ಅವರ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಪಟ್ಟಿಯ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ನಮ್ಮಲ್ಲಿ ಅನೇಕರು ಅದನ್ನು ನೋಡಿರಬಹುದು. ಅಂಥದೇ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ರಾತ್ರಿಯ ಬಸ್ಸಿನಲ್ಲಿ ಊರಿಗೆ ಮರಳಿದವರೂ ನಮ್ಮಲ್ಲಿ ಇದ್ದಾರೆ.

ಅದಕ್ಕೆ ಮೂರು ವರ್ಷ ಹಿಂದೆ, 2019ರ ಡಿಸೆಂಬರಿನಲ್ಲಿ, ಅದೇ ಬೆಂಗಳೂರಿನಲ್ಲಿ ಒಂದು ಕಿಲೋ ಈರುಳ್ಳಿ ಕೊಳ್ಳಲು ನೂರು ರೂಪಾಯಿಯ ನೋಟು ಸಾಲದಾಗಿತ್ತು. ನೆಲ ಅದೇ, ಬೀಜ ಅದೇ, ದುಡಿದ ಕೈಯೂ ಅದೇ. ಹಾಗಿದ್ದರೆ ಧಾರಣೆ ಮಾತ್ರ ಇಷ್ಟು ಹುಚ್ಚಾಗಿ ಏಕೆ ಕುಣಿಯುತ್ತದೆ?

ಅರಳಿಕಟ್ಟೆಯ ಮೇಲೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಉತ್ತರ ಕೇಳಿಬರುತ್ತವೆ. ದಲ್ಲಾಳಿಯ ಮೋಸ ಎಂಬುದೊಂದು, ಸರ್ಕಾರದ ತಪ್ಪು ಎಂಬುದೊಂದು, ನಮ್ಮ ಹಣೆಬರಹ ಎಂಬುದೊಂದು. ಮೊದಲಿನ ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಮುಂದೆ ಆ ವಿಷಯಕ್ಕೆ ಬರೋಣ. ಆದರೆ ಮೋಸವೇ ಇಲ್ಲದ ಪೇಟೆಯಲ್ಲಿಯೂ, ತಪ್ಪೇ ಮಾಡದ ಸರ್ಕಾರವಿದ್ದರೂ, ಈರುಳ್ಳಿಯ ಧಾರಣೆ ಏರಿಳಿಯುತ್ತಲೇ ಇರುತ್ತದೆ. ಅದರ ಬೇರು ಬೆಳೆಯ ಸ್ವಭಾವದಲ್ಲಿಯೇ ಇದೆ, ನಾವು ಬಿತ್ತನೆ ಗೊತ್ತುಮಾಡುವ ರೀತಿಯಲ್ಲಿಯೂ ಇದೆ.

ಮೊದಲು ಉಣ್ಣುವವರ ಮನೆಯಿಂದ ಆರಂಭಿಸೋಣ. ಒಂದು ಸಂಸಾರಕ್ಕೆ ವಾರಕ್ಕೆ ಎರಡು ಕಿಲೋ ಈರುಳ್ಳಿ ಬೇಕೆಂದು ಇಟ್ಟುಕೊಳ್ಳಿ. ಧಾರಣೆ ಅರ್ಧಕ್ಕೆ ಇಳಿಯಿತೆಂದು ಆ ಮನೆಯಾಕೆ ಸಾರಿಗೆ ನಾಲ್ಕು ಕಿಲೋ ಈರುಳ್ಳಿ ಹಾಕುವುದಿಲ್ಲ. ಎರಡು ಪಟ್ಟು ಏರಿತೆಂದು ಒಗ್ಗರಣೆಗೆ ಈರುಳ್ಳಿ ಬಿಡುವುದೂ ಇಲ್ಲ. ಹೆಚ್ಚೆಂದರೆ ಒಂದು ಗೆಡ್ಡೆ ಕಡಿಮೆ ಹೆಚ್ಚಿಯಾಳು. ಅಂದರೆ ಧಾರಣೆ ಏನೇ ಆಗಲಿ, ಜನಕ್ಕೆ ಬೇಕಾಗುವ ಈರುಳ್ಳಿ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಪೇಟೆಗೆ ಬಂದ ಮಾಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚಾದರೂ ಆ ಹೆಚ್ಚಿನ ಮಾಲನ್ನು ಕೊಳ್ಳುವವರಿಲ್ಲ. ಅದನ್ನು ಹೇಗಾದರೂ ಮಾರಿ ಹೋಗಬೇಕೆಂದು ನಿಂತವನು ಕೇಳಿದ ಧಾರಣೆಗೆ ಕೊಡುತ್ತಾನೆ. ಆ ಧಾರಣೆಯೇ ಪೇಟೆಗೆಲ್ಲ ಧಾರಣೆಯಾಗುತ್ತದೆ. ಸ್ವಲ್ಪ ಕಡಿಮೆಯಾದರೆ ಇದೇ ಮಾತು ತಿರುಗುಮುರುಗು; ಕೊಳ್ಳುವವರು ಒಬ್ಬರ ಮೇಲೊಬ್ಬರು ಕೂಗುತ್ತಾರೆ.

ಇದು ಇಂದಿನ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾವೆನೆಂಟ್ ಎಂಬವನು 1699ರಲ್ಲಿಯೇ ಧಾನ್ಯದ ಬಗ್ಗೆ ಒಂದು ಲೆಕ್ಕವನ್ನು ಅಚ್ಚು ಮಾಡಿಸಿದ. ಅದನ್ನು ಗ್ರೆಗರಿ ಕಿಂಗ್ ಎಂಬವನ ಲೆಕ್ಕವೆಂದು ಇಂದಿಗೂ ಕರೆಯುತ್ತಾರೆ. ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಧಾರಣೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಡಿಮೆಯಾದರೆ ಎಂಟು ಪಾಲು. ಮೂರು ಪಾಲು ಕಡಿಮೆಯಾದರೆ ಹದಿನಾರು ಪಾಲು ಏರುತ್ತದೆ ಎಂಬುದು ಆ ಲೆಕ್ಕ. ಅಂಕಿಗಳು ಆ ಕಾಲದ, ಆ ದೇಶದ ಧಾನ್ಯದವು; ನಮ್ಮ ಈರುಳ್ಳಿಗೆ ಹಾಗೆಯೇ ಹೊಂದಬೇಕಾಗಿಲ್ಲ. ಆದರೆ ನಡೆ ಅದೇ. ಫಸಲಿನ ಕೊರತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಧಾರಣೆ ಏಣಿ ಹಾಕಿ ಹತ್ತುತ್ತದೆ.

ಹಾಗಾದರೆ ರಾಗಿಯ ಧಾರಣೆ ಹೀಗೆ ಏಕೆ ಕುಣಿಯುವುದಿಲ್ಲ? ಅದೂ ಉಣ್ಣುವ ಪದಾರ್ಥವೇ ಅಲ್ಲವೇ? ಇದಕ್ಕೆ ಉತ್ತರ ನಮ್ಮ ಹಿರಿಯರ ಹಗೇವಿನಲ್ಲಿದೆ. ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ಧಾರಣೆ ಇಳಿದಾಗ ಹಗೇವು ಮುಚ್ಚಿತು, ಏರಿದಾಗ ತೆರೆಯಿತು. ಮಾಲು ಕಾಯಬಲ್ಲದಾದ್ದರಿಂದ ಬೆಳೆದವನೂ ಕಾಯಬಲ್ಲನಾಗಿದ್ದ. ಮೇಲಾಗಿ ಇಂದು ರಾಗಿಗೆ ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆ ಇದೆ. 2025-26ರ ಸಾಲಿಗೆ ಅದನ್ನು ಕ್ವಿಂಟಲಿಗೆ 4,886 ರೂಪಾಯಿ ಎಂದು ಗೊತ್ತುಮಾಡಲಾಯಿತು. ಈರುಳ್ಳಿಗೆ ಅಂಥ ಬೆಂಬಲ ಬೆಲೆ ಇಲ್ಲ. ಅದರ ಗೆಡ್ಡೆಯಲ್ಲಿ ನೂರಕ್ಕೆ ಎಂಬತ್ತೈದು ಭಾಗಕ್ಕೂ ಹೆಚ್ಚು ನೀರು. ಅದರಲ್ಲಿಯೂ ನಮ್ಮ ಚಳ್ಳಕೆರೆ, ಹಿರಿಯೂರು, ಗದಗ, ರೋಣದ ಕಡೆ ಮುಂಗಾರಿನಲ್ಲಿ ಬೆಳೆದು ಮಳೆಗಾಲದ ಕೊನೆಯಲ್ಲಿ ಕೀಳುವ ಈರುಳ್ಳಿ ಹೆಚ್ಚು ದಿನ ನಿಲ್ಲುವ ಮಾಲಲ್ಲ. ಕೆಲವು ವಾರಗಳಲ್ಲಿ ಮೊಳಕೆ ಹೊರಡುತ್ತದೆ, ಇಲ್ಲವೇ ಕುತ್ತಿಗೆ ಕೊಳೆಯುತ್ತದೆ. ಟೊಮೇಟೋ ಹಣ್ಣಿನದಂತೂ ಇನ್ನೂ ಅವಸರ. ಕಾಯಲಾರದ ಮಾಲನ್ನು ಹಿಡಿದು ನಿಂತ ರೈತನಿಗೆ ಪೇಟೆಯಲ್ಲಿ ಬಾಯಿಲ್ಲ.

ಇಲ್ಲಿ ಒಂದು ಮುಖ್ಯ ವಿಷಯವನ್ನು ತಿಳಿದಿರಬೇಕು. ನಮ್ಮ ಈರುಳ್ಳಿಯ ಧಾರಣೆ ನಮ್ಮ ಹೋಬಳಿಯಲ್ಲಿ ತೀರ್ಮಾನವಾಗುವುದಿಲ್ಲ. ಇಡೀ ದೇಶದ ಈರುಳ್ಳಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೂ ಮೇಲ್ಪಟ್ಟು ಹಿಂಗಾರಿನ ಫಸಲು. ಅದರಲ್ಲಿ ದೊಡ್ಡ ಪಾಲು ಮಹಾರಾಷ್ಟ್ರದ್ದು. ನಾಸಿಕ ಜಿಲ್ಲೆಯ ಲಾಸಲಗಾಂವ ಪೇಟೆಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅಲ್ಲಿಯ ರೈತರು ಮಾರ್ಚಿಯಿಂದ ಮೇ ತಿಂಗಳವರೆಗೆ ಕೊಯ್ಲು ಮಾಡಿ, ಒಣಗಿಸಿ, ಗಾಳಿಯಾಡುವ ಚಾಳುಗಳಲ್ಲಿ ತುಂಬಿಡುತ್ತಾರೆ. ಜೂನಿನಿಂದ ಅಕ್ಟೋಬರಿನವರೆಗೆ ದೇಶವೆಲ್ಲ ಉಣ್ಣುವುದು ಆ ಚಾಳಿನ ಈರುಳ್ಳಿಯನ್ನು. ಆ ಐದು ತಿಂಗಳಲ್ಲಿ ತೂಕ ಇಳಿಯುವುದು, ಕೊಳೆಯುವುದು, ಮೊಳೆಯುವುದು ಎಲ್ಲ ಸೇರಿ ಮೂರರಲ್ಲೊಂದು ಪಾಲು ಹಾಳಾಗುವುದು ಸಾಮಾನ್ಯ. ಸೆಪ್ಟೆಂಬರ್ ಹೊತ್ತಿಗೆ ಚಾಳು ಬರಿದಾಗುತ್ತ ಬರುತ್ತದೆ. ಆಗ ಮೊದಲು ಪೇಟೆಗೆ ಬರುವ ಹೊಸ ಮಾಲು ಯಾವುದು? ನಮ್ಮದು, ಮತ್ತು ಆಂಧ್ರದ ಕರ್ನೂಲಿನದು.

ಈ ಹೊಲಿಗೆಯ ಜಾಗವೇ ಹರಿಯುವ ಜಾಗ. ಚಾಳಿನ ಮಾಲು ಮುಗಿಯುವುದಕ್ಕೂ ಹೊಲದ ಮಾಲು ಬರುವುದಕ್ಕೂ ಸರಿಯಾಗಿ ಕೂಡಿಬಂದರೆ ಧಾರಣೆ ನೆಟ್ಟಗೆ ನಡೆಯುತ್ತದೆ. 2019ರಲ್ಲಿ ಕೂಡಲಿಲ್ಲ. ಆ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿ ಉತ್ತರ ಕರ್ನಾಟಕದ ಹೊಲಗಳು ಮುಳುಗಿದವು. ಆಮೇಲೆ ಕೊಯ್ಲಿನ ಹೊತ್ತಿಗೆ ಇಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಮಳೆ ಬಿಡಲಿಲ್ಲ. ಚಾಳು ಖಾಲಿ, ಹೊಲ ಕೊಳೆ. ಧಾರಣೆ ನೂರು ದಾಟಿತು. ಆದರೆ ಆ ನೂರು ರೂಪಾಯಿ ಯಾರಿಗೆ ಸಿಕ್ಕಿತು? ಬೆಳೆ ಉಳಿಸಿಕೊಂಡ ಕೆಲವರಿಗೆ. ಧಾರಣೆ ಏರಿದ್ದೇ ನಮ್ಮಲ್ಲಿ ಹಲವರ ಬೆಳೆ ಹೋದದ್ದರಿಂದ. ಪಟ್ಟಣದವರು ಆ ವರ್ಷ ಈರುಳ್ಳಿ ಬೆಳೆಗಾರನೆಲ್ಲ ಸಾಹುಕಾರನಾದನೆಂದು ಭಾವಿಸಿದರು. ಮಾರಲು ಏನೂ ಇಲ್ಲದವನಿಗೆ ಏರಿದ ಧಾರಣೆ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ.

ಮಳೆ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಬಿತ್ತನೆ. ಈಗ ಆ ಮಾತಿಗೆ ಬರೋಣ. ಈ ಲೇಖನ ಬರೆಯುವುದಕ್ಕೆ ಮುಖ್ಯ ಕಾರಣವೂ ಅದೇ.

ಈ ವರ್ಷ ಏನು ಬಿತ್ತೋಣ ಎಂದು ಯೋಚಿಸುವಾಗ ನಾವು ಏನನ್ನು ನೋಡುತ್ತೇವೆ? ಹೋದ ವರ್ಷದ ಧಾರಣೆಯನ್ನು. ಪಕ್ಕದ ಹೊಲದವನು ಹೋದ ಹಂಗಾಮಿನಲ್ಲಿ ಎರಡು ಎಕರೆಯಲ್ಲಿ ಟ್ರಾಕ್ಟರಿನ ಸಾಲ ತೀರಿಸಿದ ಎಂಬ ಮಾತು ಕಿವಿಗೆ ಬಿದ್ದರೆ ಈ ಸಲ ನಾವೂ ಎರಡು ಎಕರೆ ಹಾಕುತ್ತೇವೆ. ಇದರಲ್ಲಿ ಮೂರ್ಖತನವೇನೂ ಇಲ್ಲ. ತೊಂದರೆ ಏನೆಂದರೆ ಆ ಮಾತು ಬಿದ್ದದ್ದು ನಮ್ಮ ಕಿವಿಗೆ ಮಾತ್ರವಲ್ಲ. ಚಳ್ಳಕೆರೆಯಲ್ಲಿ, ಕೂಡ್ಲಿಗಿಯಲ್ಲಿ, ಬಸವನ ಬಾಗೇವಾಡಿಯಲ್ಲಿ, ನಾಸಿಕದಲ್ಲಿ, ಮಧ್ಯಪ್ರದೇಶದಲ್ಲಿ ಎಲ್ಲೆಲ್ಲಿಯೂ ಅದೇ ಮಾತು, ಅದೇ ಲೆಕ್ಕ. ಎಲ್ಲರೂ ಬಿತ್ತಿದ್ದು ನಾಲ್ಕು ತಿಂಗಳಾದ ಮೇಲೆ ಒಟ್ಟಿಗೆ ಪೇಟೆಗೆ ಬರುತ್ತದೆ. ಧಾರಣೆ ಕುಸಿಯುತ್ತದೆ. ಸುಟ್ಟುಕೊಂಡವರು ಮುಂದಿನ ವರ್ಷ ಈರುಳ್ಳಿಯ ಹೆಸರೆತ್ತುವುದಿಲ್ಲ, ಮೆಕ್ಕೆಜೋಳಕ್ಕೆ ಹೋಗುತ್ತಾರೆ. ಮಾಲು ಕಡಿಮೆಯಾಗಿ ಧಾರಣೆ ಏರುತ್ತದೆ. ಮತ್ತೆ ಮೊದಲಿನಿಂದ.

ಈಚಿನ ವರ್ಷಗಳ ಅಂಕಿಗಳನ್ನೇ ನೋಡಿ. 2022-23ರಲ್ಲಿ ದೇಶದಲ್ಲಿ ಸುಮಾರು 302 ಲಕ್ಷ ಟನ್ ಈರುಳ್ಳಿ ಬೆಳೆಯಿತು. ಧಾರಣೆ ಬಿತ್ತು, 2023ರ ಆರಂಭದಲ್ಲಿ ನಾಸಿಕದ ರೈತರು ಈರುಳ್ಳಿಯನ್ನು ರಸ್ತೆಗೆ ಸುರಿದರು. ಮುಂದಿನ ವರ್ಷ, 2023-24ರಲ್ಲಿ, ಬಿತ್ತನೆ ತಗ್ಗಿತು; ಮಳೆಯೂ ಕೈಕೊಟ್ಟಿತು; ಫಸಲು ಸುಮಾರು 242 ಲಕ್ಷ ಟನ್ನಿಗೆ ಇಳಿಯಿತು. 2024ರಲ್ಲಿ ಧಾರಣೆ ಏರಿತು. ಅದನ್ನು ನೋಡಿ ಬಿತ್ತಿದ್ದರಿಂದ 2024-25ರಲ್ಲಿ ಫಸಲು ಮತ್ತೆ 300 ಲಕ್ಷ ಟನ್ ದಾಟಿತು, 2025ರಲ್ಲಿ ಧಾರಣೆ ಮತ್ತೆ ನೆಲ ಕಂಡಿತು. ಉಯ್ಯಾಲೆಯಂತೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ.

ಅರ್ಥಶಾಸ್ತ್ರದವರು ಇದಕ್ಕೆ ಜೇಡರ ಬಲೆ ಎಂದು ಹೆಸರಿಟ್ಟಿದ್ದಾರೆ. ಕಾಗದದ ಮೇಲೆ ಧಾರಣೆಯನ್ನೂ ಫಸಲನ್ನೂ ಗೆರೆ ಎಳೆದು ತೋರಿಸಿದರೆ ಅದು ಬಲೆಯ ಹಾಗೆ ಸುತ್ತು ಸುತ್ತಾಗಿ ಕಾಣುತ್ತದಂತೆ. ಇದನ್ನು ಮೊದಲು ಚೆನ್ನಾಗಿ ಗುರುತಿಸಿದವರಲ್ಲಿ ಜರ್ಮನಿಯ ಆರ್ಥರ್ ಹಾನೌ ಒಬ್ಬ. ಅವನು 1928ರಲ್ಲಿ ಬರೆದದ್ದು ಹಂದಿ ಸಾಕುವವರ ವಿಷಯ. ಹಂದಿಯ ಧಾರಣೆ ಏರಿದಾಗ ಎಲ್ಲರೂ ಮರಿ ಬಿಡಿಸುತ್ತಿದ್ದರು. ಮರಿಗಳು ಬೆಳೆದು ಪೇಟೆಗೆ ಬರುವ ಹೊತ್ತಿಗೆ ಧಾರಣೆ ಇಳಿದಿರುತ್ತಿತ್ತು. ಆ ದೇಶದ ಹಂದಿಯೂ ನಮ್ಮ ಈರುಳ್ಳಿಯೂ ಒಂದೇ ಬಲೆಗೆ ಬಿದ್ದಿರುವುದು ವಿನೋದವಾಗಿ ಕಂಡರೂ, ನಷ್ಟ ವಿನೋದದ್ದಲ್ಲ.

ಟೊಮೇಟೋದಲ್ಲಿ ಈ ಸುತ್ತು ಇನ್ನೂ ಬೇಗ. 2023ರ ಬೇಸಿಗೆಯಲ್ಲಿ ಧಾರಣೆ ಇಲ್ಲವೆಂದು ಕೋಲಾರದ ಕಡೆ ಅನೇಕರು ನಾಟಿ ಕಡಿಮೆ ಮಾಡಿದರು. ಅದರ ಮೇಲೆ ಬಿಳಿನೊಣ, ಎಲೆಮುದುರು ರೋಗ. ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಪೆಟ್ಟಿಗೆ ಒಂದಕ್ಕೆ 2,000 ರೂಪಾಯಿ ದಾಟಿತು. ಹಣ್ಣಿನ ಹೊಲಕ್ಕೆ ರಾತ್ರಿ ಕಾವಲು ಹಾಕಿದ ಕಾಲ ಅದು. ಆ ಧಾರಣೆ ನೋಡಿ ನಾಟಿ ಮಾಡಿದ ಸಸಿ ಎರಡು ಎರಡೂವರೆ ತಿಂಗಳಿಗೆ ಹಣ್ಣು ಬಿಟ್ಟಿತು. ಸೆಪ್ಟೆಂಬರಿನಲ್ಲಿ ಧಾರಣೆ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಬಂದು ನಿಂತಿತ್ತು. ಜುಲೈಯ ಧಾರಣೆ ಜುಲೈಯಲ್ಲಿ ಹಣ್ಣಿದ್ದವನಿಗೆ. ಜುಲೈಯಲ್ಲಿ ಸಸಿ ಇಟ್ಟವನಿಗೆ ಅಲ್ಲ.

ಆದುದರಿಂದ ಬಿತ್ತನೆಗೆ ಮುಂಚೆ ನೋಡಬೇಕಾದುದು ಹೋದ ವರ್ಷದ ಧಾರಣೆಯನ್ನಲ್ಲ, ಈ ವರ್ಷದ ಬಿತ್ತನೆಯನ್ನು. ಅದನ್ನು ತಿಳಿಯುವುದು ಹೇಗೆ? ಬೀಜದ ಅಂಗಡಿಯೇ ಮೊದಲ ಪಂಚಾಂಗ. ಬೀಜಕ್ಕೆ ಸಾಲು ನಿಂತು, ಹೆಚ್ಚು ಕೊಟ್ಟರೂ ಸಿಗದೆ ಇದ್ದರೆ ಆ ಹಂಗಾಮಿನ ಕೊನೆಯಲ್ಲಿ ಮಾಲು ರಾಶಿಯಾಗುತ್ತದೆಂದೇ ತಿಳಿಯಿರಿ. ಬೀಜದ ಡಬ್ಬಿ ಅಂಗಡಿಯಲ್ಲಿ ದೂಳು ಹಿಡಿಯುತ್ತಿದ್ದರೆ ಒಂದು ಎಕರೆ ಹಾಕಿ ನೋಡುವ ಕಾಲ ಅದು. ತೋಟಗಾರಿಕೆ ಇಲಾಖೆಯವರಲ್ಲಿ ತಾಲ್ಲೂಕಿನ ಬಿತ್ತನೆಯ ವಿಸ್ತೀರ್ಣ ಸಿಗುತ್ತದೆ, ಕೇಳಿದರೆ ಹೇಳುತ್ತಾರೆ. ಪೇಟೆಯ ನಿತ್ಯದ ಧಾರಣೆ ಮತ್ತು ಆವಕವನ್ನು ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿಯೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿಯೂ ಮೊಬೈಲಿನಲ್ಲೇ ನೋಡಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ವಾರಕ್ಕೊಮ್ಮೆ ಅವರಿಂದ ಬರೆಸಿಡಿ. ಆಗಸ್ಟಿನಲ್ಲಿ ಲಾಸಲಗಾಂವದ ಆವಕ ಇನ್ನೂ ಭರ್ತಿಯಾಗಿದ್ದರೆ ಚಾಳಿನಲ್ಲಿ ಮಾಲು ಉಳಿದಿದೆಯೆಂದು ಅರ್ಥ. ನಮ್ಮ ಸೆಪ್ಟೆಂಬರಿನ ಕೊಯ್ಲಿಗೆ ಅದು ಒಳ್ಳೆಯ ಶಕುನವಲ್ಲ.

ಈಗ ಸರ್ಕಾರದ ಮಾತು. ಈರುಳ್ಳಿ ಏರಿದರೆ ಪಟ್ಟಣದವರು ಕೂಗುತ್ತಾರೆ. 1980ರ ಮತ್ತು 1998ರ ಚುನಾವಣೆಗಳಲ್ಲಿ ಈರುಳ್ಳಿಯ ಧಾರಣೆಯೇ ಪ್ರಚಾರದ ಮಾತಾಗಿತ್ತು. ಅಂದಿನಿಂದ ಯಾವ ಸರ್ಕಾರವೂ ಈರುಳ್ಳಿಯನ್ನು ಹಗುರವಾಗಿ ನೋಡುವುದಿಲ್ಲ. ಅದರ ಕೈಯಲ್ಲಿರುವ ದೊಡ್ಡ ಕೀಲಿಕೈ ರಫ್ತಿನ ಬಾಗಿಲಿನದು. 2019ರ ಸೆಪ್ಟೆಂಬರ್ 29ರಂದು ರಫ್ತು ನಿಲ್ಲಿಸಲಾಯಿತು, 2020ರ ಮಾರ್ಚಿಯಲ್ಲಿ ಬಿಡಲಾಯಿತು; ಅದೇ ಸೆಪ್ಟೆಂಬರಿನಲ್ಲಿ ಮತ್ತೆ ನಿಲ್ಲಿಸಿ 2021ರ ಜನವರಿ 1ರಿಂದ ಬಿಡಲಾಯಿತು. 2023ರ ಆಗಸ್ಟಿನಲ್ಲಿ ನೂರಕ್ಕೆ 40ರ ರಫ್ತು ಸುಂಕ ಬಿತ್ತು. ಡಿಸೆಂಬರ್ 8ರಂದು ಬಾಗಿಲೇ ಮುಚ್ಚಿತು. 2024ರ ಮೇ 4ರಂದು ಅರೆ ತೆರೆಯಿತು, ಸೆಪ್ಟೆಂಬರಿನಲ್ಲಿ ಸುಂಕ 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಸುಂಕ ಪೂರ್ತಿ ಹೋಯಿತು.

ಬಾಗಿಲು ಮುಚ್ಚಿದ ವಾರವೇ ಧಾರಣೆ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ತೆರೆದ ವಾರ ಅಷ್ಟೇ ಬೇಗ ಏರುವುದಿಲ್ಲ. ಏಕೆಂದರೆ ನಾವು ಮುಚ್ಚಿದಾಗ ಬಾಂಗ್ಲಾದೇಶ, ಮಲೇಷಿಯಾದ ವ್ಯಾಪಾರಿಗಳು ಪಾಕಿಸ್ತಾನ, ಚೀನಾ ಕಡೆ ತಿರುಗುತ್ತಾರೆ. ಒಮ್ಮೆ ಹೋದ ಗಿರಾಕಿ ಕರೆದಾಕ್ಷಣ ಬರುವುದಿಲ್ಲ. ಇದರ ಪೆಟ್ಟು ಚೆನ್ನಾಗಿ ಗೊತ್ತಿರುವವರು ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿ ಬೆಳೆಗಾರರು. ಬೆಂಗಳೂರು ರೋಸ್ ಎಂದು ಹೆಸರಾದ ಆ ಚಿಕ್ಕ ಕೆಂಪು ಗೆಡ್ಡೆಯನ್ನು ಇಲ್ಲಿಯವರು ತಿನ್ನುವುದು ಕಡಿಮೆ. ಅದು ಬೆಳೆಯುವುದೇ ಮಲೇಷಿಯಾ, ಸಿಂಗಪುರ, ಶ್ರೀಲಂಕಾಗಳಿಗೆ. ನಾಸಿಕದ ಈರುಳ್ಳಿ ದುಬಾರಿಯಾಯಿತೆಂದು ಬಾಗಿಲು ಹಾಕಿದರೆ, ನಮ್ಮ ಪೇಟೆಯಲ್ಲಿ ಕೊಳ್ಳುವವರೇ ಇಲ್ಲದ ಮಾಲೂ ಒಳಗೇ ಉಳಿದುಬಿಡುತ್ತದೆ. ಬೆಳೆಗಾರರು ಹೋಗಿ ಹೇಳಿಕೊಂಡ ಮೇಲೆ 2019ರ ಅಕ್ಟೋಬರಿನಲ್ಲಿ 9,000 ಟನ್ನಿಗೂ, 2020ರ ಅಕ್ಟೋಬರಿನಲ್ಲಿ 10,000 ಟನ್ನಿಗೂ ಅಪ್ಪಣೆ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಸುಂಕದಿಂದಲೂ ಬಿಡುಗಡೆಯಾಯಿತು. ಪ್ರತಿ ಸಲವೂ ಅಪ್ಪಣೆ ಬಂದದ್ದು ಮುಚ್ಚಿದ ಮೇಲೆ, ತಡವಾಗಿ. ಬಡವರ ತಟ್ಟೆಗೆ ಈರುಳ್ಳಿ ಸಿಗಬೇಕೆಂಬುದು ನ್ಯಾಯವೇ. ಆದರೆ ಏರಿದಾಗ ಹಿಡಿದು ಇಳಿಸುವ ಕೈ ಇಳಿದಾಗ ಎತ್ತಿ ನಿಲ್ಲಿಸಲೂ ಬರಬೇಕು ಎಂದು ಕೇಳುವುದೂ ನ್ಯಾಯವೇ.

ಎತ್ತಿ ನಿಲ್ಲಿಸುವ ವ್ಯವಸ್ಥೆ ಇಲ್ಲವೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರವು ಹಿಂಗಾರಿನ ಈರುಳ್ಳಿಯನ್ನು ಕೊಂಡು ಕಾಪು ದಾಸ್ತಾನು ಮಾಡುತ್ತದೆ. 2023ರಲ್ಲಿ ಅದನ್ನು 5 ಲಕ್ಷ ಟನ್ನಿಗೆ ಏರಿಸಿತು. ಕೊಯ್ಲಿನಲ್ಲಿ ಕೊಂಡರೆ ನಾಸಿಕದ ರೈತನಿಗೆ ಅನುಕೂಲ. ಆದರೆ ಆ ದಾಸ್ತಾನನ್ನು ಪಟ್ಟಣಗಳಲ್ಲಿ ಬಿಡುವುದು ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅಂದರೆ ನಮ್ಮ ಮುಂಗಾರಿನ ಮಾಲು ಲಾರಿ ಹತ್ತುವ ಹೊತ್ತಿಗೆ. ಇದನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂಬುದೊಂದಿದೆ. ಧಾರಣೆ ಹಿಂದಿನ ಸಾಧಾರಣ ಹಂಗಾಮಿಗಿಂತ ನೂರಕ್ಕೆ ಹತ್ತಾದರೂ ಇಳಿದಿದ್ದರೆ, ರಾಜ್ಯ ಸರ್ಕಾರ ಕೇಳಿಕೊಂಡಾಗ, ಇಬ್ಬರೂ ವೆಚ್ಚ ಹಂಚಿಕೊಂಡು ನಡೆಸುವ ಯೋಜನೆ ಅದು. ರಾಜ್ಯ ಕೇಳಬೇಕಾದರೆ ಜಿಲ್ಲೆಯಿಂದ ವರದಿ ಹೋಗಬೇಕು. ವರದಿ ಹೋಗಬೇಕಾದರೆ ಪೇಟೆಯ ಪಟ್ಟಿಗಳು ಕೈಯಲ್ಲಿರಬೇಕು. ಕೊಯ್ಲು ಮುಗಿದು ತಿಂಗಳಾದ ಮೇಲೆ ಮನವಿ ಕೊಟ್ಟು ಫಲವಿಲ್ಲ.

ದಲ್ಲಾಳಿ, ವ್ಯಾಪಾರಿಗಳ ಮಾತನ್ನು ಬಾಕಿ ಇಟ್ಟಿದ್ದೆವು. 2012ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯವರು ಭಾರತದ ಸ್ಪರ್ಧಾ ಆಯೋಗಕ್ಕಾಗಿ ಮಹಾರಾಷ್ಟ್ರ, ಕರ್ನಾಟಕಗಳ ಈರುಳ್ಳಿ ಪೇಟೆಗಳನ್ನು ಪರಿಶೀಲಿಸಿದರು. ದೊಡ್ಡ ವ್ಯಾಪಾರಿಗಳು ಕೆಲವರೇ ಸೇರಿ ಪೇಟೆಯ ಮೇಲೆ ಹಿಡಿತ ಇಟ್ಟುಕೊಂಡಿರುವುದು ಅವರ ಕಣ್ಣಿಗೂ ಬಿತ್ತು. ಕೊಳ್ಳುವವರು ಕೆಲವರೇ ಆದಾಗ, ಕೊಡುವವರು ಸಾವಿರಾರು ಮಂದಿಯಾದಾಗ, ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ನಮ್ಮ ರಾಜ್ಯದ ಮಾರುಕಟ್ಟೆ ಕಾನೂನು ಇರುವುದು ಹೀಗೆ. ಪಟ್ಟಿಯಲ್ಲಿ ಕಮಿಷನ್ ಎಂದು ಕಳೆದಿದ್ದರೆ, ಅಥವಾ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ, ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ತೋರಿಸುವ ಹಕ್ಕು ನಮಗಿದೆ.

ಆದರೂ ಎಲ್ಲವನ್ನೂ ಮೋಸಕ್ಕೆ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಗ್ರಾಹಕನು ಈರುಳ್ಳಿಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರುವುದು ಸುಮಾರು 36 ಪೈಸೆ. ಟೊಮೇಟೋದಲ್ಲಿ 33 ಪೈಸೆ. ಉಳಿದುದರಲ್ಲಿ ಲಾಭವೂ ಉಂಟು, ಖರ್ಚೂ ಉಂಟು. ಬಾಡಿಗೆ, ಚೀಲ, ಹಮಾಲಿ, ಕೊಳೆತ ಮಾಲಿನ ನಷ್ಟ ಇವು ಧಾರಣೆಯ ಜೊತೆಗೆ ಇಳಿಯುವುದಿಲ್ಲ. ಪಟ್ಟಣದಲ್ಲಿ ಕಿಲೋಗೆ 30 ರೂಪಾಯಿ ಇದ್ದು ನಡುವಿನ ಖರ್ಚು 14 ಆದರೆ ನಮಗೆ 16 ಉಳಿಯಿತು. ಪಟ್ಟಣದ ಧಾರಣೆ ಅರ್ಧಕ್ಕೆ, ಅಂದರೆ 15ಕ್ಕೆ ಇಳಿದರೆ ನಮಗೆ ಉಳಿಯುವುದು ಎಂಟು ರೂಪಾಯಿಯಲ್ಲ, ಒಂದು ರೂಪಾಯಿ. ಗ್ರಾಹಕನಿಗೆ ಅರ್ಧ ಇಳಿದ ಧಾರಣೆ ರೈತನಿಗೆ ಪೂರ್ತಿ ಇಳಿದಂತೆ ಕಾಣುವುದು ಇದರಿಂದಲೇ.

ಇಷ್ಟೆಲ್ಲ ತಿಳಿದು ಮಾಡುವುದೇನು? ಒಬ್ಬ ರೈತನು ದೇಶದ ಧಾರಣೆಯನ್ನು ನಿಲ್ಲಿಸಲಾರ. ತನ್ನ ಮನೆಯು ಅದರ ಹೊಡೆತಕ್ಕೆ ಪೂರ್ತಿ ಸಿಕ್ಕದಂತೆ ನೋಡಿಕೊಳ್ಳಬಲ್ಲ. ಧಾರವಾಡ, ಗದಗ, ಹಾವೇರಿಯ ಎರೆಭೂಮಿಯಲ್ಲಿ ಹಿರಿಯರು ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತ ಬಂದದ್ದು ಸುಮ್ಮನೆ ಅಲ್ಲ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮೂರೂ ಒಂದೇ ವರ್ಷ ಕೆಡುವುದು ಅಪರೂಪ. ಮೂರೂ ಒಂದೇ ವರ್ಷ ಚಿನ್ನವಾಗುವುದೂ ಅಪರೂಪ. ಹೊಲವೆಲ್ಲ ಈರುಳ್ಳಿ ಹಾಕಿದವನು ಏರಿದ ವರ್ಷ ಅವರನ್ನು ನೋಡಿ ನಗಬಹುದು. ಸಾಲ ಮಾಡಿ ಬೀಜ, ಗೊಬ್ಬರ ತಂದವನು ಅಂಥ ಪಂದ್ಯಕ್ಕೆ ಇಳಿಯಬಾರದು. ಸಾಲದ ಕಂತು ಕೊಯ್ಲಿನ ವಾರವೇ ಬರುವಂತಿದ್ದರೆ ಕಾಯುವ ಮಾತೇ ಉಳಿಯುವುದಿಲ್ಲ.

ಹಿಂಗಾರಿನಲ್ಲಿ ನೀರಾವರಿ ಇರುವವರು ಇಟ್ಟರೆ ನಿಲ್ಲುವ ತಳಿಯನ್ನು ಆರಿಸಿಕೊಳ್ಳಬೇಕು. ಅರ್ಕಾ ನಿಕೇತನ, ಭೀಮಾ ಶಕ್ತಿ, ಭೀಮಾ ಕಿರಣ್ ಇಂಥವು. ಮುಂಗಾರಿಗೆ ಹೇಳಿದ ಅರ್ಕಾ ಕಲ್ಯಾಣ್ ತಳಿಯನ್ನು ಬೆಳೆದು ನಾಲ್ಕು ತಿಂಗಳು ಇಡುತ್ತೇನೆಂದರೆ ಆಗದು. ಇಡುವ ಮಾಲಿಗೆ ಕೊಯ್ಲಿಗೆ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಿ. ಅರ್ಧದಷ್ಟು ಗಿಡಗಳ ತಲೆ ಬಾಗಿದಾಗ ಕೀಳಿ. ಕಿತ್ತ ಗೆಡ್ಡೆಗಳನ್ನು ಹೊಲದಲ್ಲಿಯೇ ಸಾಲಾಗಿ ಹರಡಿ, ಒಂದು ಸಾಲಿನ ಗೆಡ್ಡೆಯನ್ನು ಇನ್ನೊಂದು ಸಾಲಿನ ಸೊಪ್ಪು ಮುಚ್ಚುವಂತೆ ಮೂರರಿಂದ ಐದು ದಿನ ಬಿಡಿ. ಬಿಸಿಲು ನೇರವಾಗಿ ಗೆಡ್ಡೆಗೆ ತಾಗಬಾರದು. ಆಮೇಲೆ ಕುತ್ತಿಗೆಯನ್ನು ಎರಡು ಸೆಂಟಿಮೀಟರಿಗೂ ತುಸು ಹೆಚ್ಚು ಉಳಿಸಿ ಸೊಪ್ಪು ಕತ್ತರಿಸಿ, ನೆರಳಿನಲ್ಲಿ ಮತ್ತಷ್ಟು ದಿನ ಒಣಗಿಸಿ. ಕುತ್ತಿಗೆ ದಪ್ಪಗಿರುವ, ಜೋಡಿಯಾದ, ಗುದ್ದಲಿ ತಾಗಿದ ಗೆಡ್ಡೆಗಳನ್ನು ಬೇರೆ ಮಾಡಿ ಮೊದಲೇ ಮಾರಿಬಿಡಿ. ಅಂಥ ಒಂದು ಗೆಡ್ಡೆ ಕೊಳೆತರೆ ಸುತ್ತಲಿನ ಹತ್ತನ್ನು ಕೊಳೆಸುತ್ತದೆ. ಚಾಳಿನ ತಳ ನೆಲಕ್ಕೆ ತಾಗದೆ ಕೆಳಗಿನಿಂದಲೂ ಪಕ್ಕದಿಂದಲೂ ಗಾಳಿ ಆಡಬೇಕು. ಈರುಳ್ಳಿ ಶೇಖರಣೆಯ ಮನೆ ಕಟ್ಟಲು ತೋಟಗಾರಿಕೆ ಇಲಾಖೆಯಿಂದ ಸಹಾಯಧನ ಉಂಟು. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಇಟ್ಟ ಮಾಲಿಗೆ ಧಾರಣೆ ಬಂದೇ ಬರುತ್ತದೆಂಬ ಭರವಸೆ ಇಲ್ಲ. ಕಾಲು ಭಾಗ ಕೊಳೆತರೂ ಲಾಭ ಉಳಿಯುವಷ್ಟು ಏರಿಕೆಯ ನಿರೀಕ್ಷೆ ಇದ್ದರೆ ಮಾತ್ರ ಇಡಬೇಕು, ಅದೂ ಅರ್ಧ ಮಾರಿ ಅರ್ಧ.

ಕೊನೆಗೆ ಲಾರಿಯ ಲೆಕ್ಕ. ಮೊದಲು ಹೇಳಿದ ಪಟ್ಟಿಯನ್ನು ಮತ್ತೊಮ್ಮೆ ನೋಡಿ. 205 ಕಿಲೋಗೆ ಸಾಗಣೆ, ಹಮಾಲಿ ಸೇರಿ 401 ರೂಪಾಯಿ 64 ಪೈಸೆ. ಕಿಲೋಗೆ 1 ರೂಪಾಯಿ 96 ಪೈಸೆ ಬಿತ್ತು. ಪೇಟೆಯಲ್ಲಿ ಕಿಲೋಗೆ ಎರಡು ರೂಪಾಯಿ ಬಂದರೆ ನಾಲ್ಕು ಪೈಸೆ ಉಳಿಯುತ್ತದೆ, ಕೀಳುವ ಕೂಲಿ, ಚೀಲ ಇನ್ನೂ ಬೇರೆ. ಲಾರಿ ಹತ್ತಿಸುವ ಹಿಂದಿನ ದಿನ ಈ ಒಂದು ಅಂಕಿಯನ್ನು ನಿಮ್ಮ ಊರಿನಿಂದ ನಿಮ್ಮ ಪೇಟೆಗೆ ಹೊಂದಿಸಿ ಬರೆದಿಟ್ಟುಕೊಳ್ಳಿ. ಬಾಡಿಗೆ, ಹಮಾಲಿ, ಚೀಲ, ಕೀಳುವ ಕೂಲಿ ಎಲ್ಲ ಕೂಡಿಸಿ ಒಟ್ಟು ಕಿಲೋದಿಂದ ಭಾಗಿಸಿದರೆ ಅದು ಸಿಗುತ್ತದೆ. ಅಂದಿನ ಧಾರಣೆಯನ್ನು ಮೊಬೈಲಿನಲ್ಲಿ ನೋಡಿ. ಅದಕ್ಕಿಂತ ಕೆಳಗಿದ್ದರೆ ಲಾರಿಯನ್ನು ಕಳುಹಿಸಬೇಡಿ. ಹತ್ತಿರದ ಸಂತೆಯಲ್ಲಿ ಬಂದಷ್ಟಕ್ಕೆ ಮಾರಿ, ಉಳಿದುದನ್ನು ಹೊಲಕ್ಕೇ ಗೊಬ್ಬರ ಮಾಡಿದರೂ ಕೈಯಿಂದ ಬಾಡಿಗೆ ಕಟ್ಟುವುದು ತಪ್ಪುತ್ತದೆ. ಊರಿನ ಐದಾರು ಮಂದಿ ಸೇರಿ ಒಂದೇ ಲಾರಿ ಮಾಡಿದರೆ ಆ ಅಂಕಿ ಎಷ್ಟು ಇಳಿಯುತ್ತದೆಂಬುದನ್ನೂ ಅದೇ ಕಾಗದದ ಮೇಲೆ ಹಾಕಿ ನೋಡಿ.